ಗೆಜ್ಜೆಗಾಗಿ ಬಿಚ್ಚಿದ ಪಟ್ಟಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಗಳ ಕಾಲಿಗೆ ಮೊದಲ ಪ್ಲಾಸ್ಟರ್ ಹಾಕಿಸಿದ ದಿನ ಸಣ್ಣಗೆ ಮಳೆ ಹನಿಯುತ್ತಿತ್ತು ಎಂದು ನನ್ನ ನೆನಪು. ಅವತ್ತು ಬಿಸಿಲಿಗೆ ಬಸ್ಸಿನ ಕಿಟಕಿಯ ಸರಳು ಮುಟ್ಟಲಾಗುತ್ತಿರಲಿಲ್ಲ ಎಂದು ನನ್ನ ಗಂಡ ಮಲ್ಲಿಕಾರ್ಜುನ ಹೇಳುತ್ತಾರೆ. ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಅಫಜಲಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಒಬ್ಬರೇ ಹೇಳಿದ ಸಾಕ್ಷಿಯನ್ನು ಪೂರ್ತಿ ನಂಬಬೇಡಿ, ಹೇಳಿದವರಿಗೆ ಅದರಿಂದ ಅನುಕೂಲ ಆಗುವಂತಿದ್ದರೆ ಇನ್ನೂ ನಂಬಬೇಡಿ ಎಂದು ಪ್ರತಿವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ನನ್ನ ಮಗಳ ಕಾಲಿನ ಕಥೆಯನ್ನು ಮಾತ್ರ ಎರಡು ವರ್ಷದಿಂದ ನಾನೊಬ್ಬಳೇ ಹೇಳುತ್ತ ಬಂದಿದ್ದೆ, ಕೇಳಿದವರೆಲ್ಲ ನಂಬುತ್ತ ಬಂದಿದ್ದರು. ನನ್ನ ಹತ್ತಿರ ಇನ್ನೊಂದು ಸಾಕ್ಷಿ ಇತ್ತು. ತವರೂರು ಮಟಕಿಯಿಂದ ಆಳಂದದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲದಿಂದ ನಾನು ಡೈರಿ ಬರೆಯುತ್ತೇನೆ. ಬಾಣಂತನದ ತಿಂಗಳುಗಳಲ್ಲಿ ದಿನಕ್ಕೆ ಎರಡೋ ಮೂರೋ ಸಾಲು ಗೀಚಿದ್ದೇನೆ. ಅದನ್ನು ತೆರೆದು ನೋಡಿದ್ದು ಮಾತ್ರ ತೀರಾ ಈಚೆಗೆ.

ಒಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥದ್ದನ್ನು ಓದಲು ಕೂತ ತಾಯಿ ಮೊದಲು ಹುಡುಕುವುದು ಅದನ್ನೇ, ನಾನೂ ಹಾಗೇ ಹುಡುಕಿದ್ದೆ. ನನ್ನ ಮಗಳು ಸಿರಿಗೆ ಈಗ ಎರಡು ವರ್ಷ ಏಳು ತಿಂಗಳು. ನಾನಿದನ್ನು ಬರೆಯುವಾಗ ಅವಳು ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತಿದ್ದಾಳೆ. ಕೋಳಿಗೆ ಸಾಕಾಗಿದೆ, ಅವಳಿಗೆ ಇನ್ನೂ ಸಾಕಾಗಿಲ್ಲ.

ನನ್ನ ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಹೀಗಾಗಿ ಚೊಚ್ಚಲ ಬಾಣಂತನವೂ ಗಂಡನ ಮನೆಯಲ್ಲೇ ಆಯಿತು, ಎಲ್ಲವನ್ನೂ ಮಾಡಿದವರು ನನ್ನ ಅತ್ತೆ ಶಾಂತಾಬಾಯಿ, ನಮ್ಮ ಕಡೆಯ ಮಾತಿನಲ್ಲಿ ಅತ್ತಿ. ಹೆರಿಗೆಯ ಕೋಣೆಯಿಂದ ಹೊರಗೆ ಬಂದಾಗ ಸಿಸ್ಟರ್ ಕೂಸನ್ನು ಬಿಗಿಯಾಗಿ ಸುತ್ತಿ ಮುಖವನ್ನಷ್ಟೇ ತೋರಿಸಿದ್ದರು. ಬಟ್ಟೆ ಬಿಚ್ಚಿ ನೋಡಿದವರು ಅತ್ತಿ. ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಆಮೇಲೆ, "ಮೂಗು ನಿಮ್ಮವ್ವಂದು ಅದ. ಕೂದಲಾ ಭಾಳ ಅವ. ಪಾದ ಜರಾ ಒಳಗ ತಿರುಗ್ಯಾವ," ಎಂದರು, ಮೂರನ್ನೂ ಒಂದೇ ದನಿಯಲ್ಲಿ.

ನಾನು ನೋಡಿದೆ. ಎರಡೂ ಅಂಗಾಲುಗಳು ಒಂದನ್ನೊಂದು ನೋಡುತ್ತಿದ್ದವು. ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿತ್ತು. ಕ್ಲಬ್‌ಫುಟ್ ಎಂಬ ಹೆಸರು ಆಮೇಲೆ ಗೊತ್ತಾಯಿತು. ಅವತ್ತು ಸಿಸ್ಟರ್ ಹೇಳಿದ್ದು ಇಷ್ಟು: "ಇದಕ್ಕ ಇಲಾಜ್ ಅದ್ರಿ. ವಾರಾವಾರಾ ಪಟ್ಟಿ ಹಾಕ್ತಾರ, ನೆಟ್ಟಗ ಆಗ್ತದ. ತಡಾ ಮಾಡಬ್ಯಾಡ್ರಿ." ನನಗೆ ಮೊದಲಿನ ಮೂರು ಮಾತು ಕೇಳಲೇ ಇಲ್ಲ, ತಡ ಮಾಡಬೇಡಿ ಎಂಬುದೊಂದೇ ಕೇಳಿತು. ಎಷ್ಟು ತಡ ಅಂದರೆ ತಡ? ಈಗಾಗಲೇ ಹುಟ್ಟಿ ನಾಲ್ಕು ತಾಸು ಆಗಿತ್ತು.

ಮನೆಗೆ ಬಂದ ಮೂರನೆಯ ದಿನ ಎದುರುಮನೆಯ ಚಂದಮ್ಮ ಕೂಸು ನೋಡಲು ಬಂದಳು. ಕಾಲು ನೋಡಿ ನನ್ನನ್ನೇ ಕೇಳಿದಳು: "ಗ್ರಹಣದಾಗ ಏನರ ಕೊಯ್ದಿದ್ದೇನಬೇ ನೀನು?"

ನಾನು ಬಾಯಿ ತೆರೆಯುವುದರೊಳಗೆ ಅತ್ತಿ ಅಡುಗೆಮನೆಯಿಂದಲೇ ಹೇಳಿದರು: "ಚಾಕು ನನ್ನ ಕೈಯಾಗಿತ್ತು ಚಂದಮ್ಮ. ಬದನಿಕಾಯಿ ಕೊಯ್ದಾಕಿ ನಾನು. ನಿಮ್ಮನಿಗೂ ಒಂದು ವಾಟಿ ಪಲ್ಯಾ ಕೊಟ್ಟಿದ್ದೆ. ತಿಂದಾಕಿ ನೀನು, ನಿನ್ನ ಕಾಲು ಹ್ಯಾಂಗ ನೆಟ್ಟಗ ಉಳದಾವ?"

ಚಂದಮ್ಮ ನಕ್ಕಳು, ನಾನೂ ನಕ್ಕೆ. ಹೊಲಿಗೆ ನೋಯುವಷ್ಟು ನಕ್ಕೆ. ಆದರೆ ಅವಳು ಹೋದ ಮೇಲೆ, ಎಂ.ಎ. ಓದಿದ ನಾನು, ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಬಸುರಿನ ಒಂಬತ್ತು ತಿಂಗಳನ್ನೂ ತಿರುವಿ ಹಾಕಿದೆ. ನಮ್ಮ ಕಡೆ ಕಾಣುವಂಥ ಗ್ರಹಣ ಒಂದೂ ಇರಲಿಲ್ಲ. ಅತ್ತಿಗೆ ಅದು ಗೊತ್ತಿತ್ತು ಎಂದು ಈಗ ನನ್ನ ಅನುಮಾನ. ಇಲ್ಲದ ಗ್ರಹಣದಲ್ಲಿ ಕೊಯ್ಯದ ಬದನೆಕಾಯಿಯನ್ನು ತಮ್ಮ ತಲೆಗೆ ಕಟ್ಟಿಕೊಂಡಿದ್ದರು.

ಕೂಸಿಗೆ ಮೂರು ವಾರ ತುಂಬಿದ ಮೇಲೆ ಕಲಬುರಗಿಯ ದವಾಖಾನಿಗೆ ಹೋಗತೊಡಗಿದೆವು. ಕಾಲಿನ ಮಕ್ಕಳಿಗೆ ಬುಧವಾರ. ಚೌಡಾಪುರ ದಾಟಿ ಹೋಗುವ ಮೊದಲ ಬಸ್ಸು ಹಿಡಿದರೆ ಚೀಟಿ ಮಾಡಿಸುವ ಸಾಲಿನಲ್ಲಿ ಹತ್ತನೆಯವರಾಗುತ್ತಿದ್ದೆವು, ಎರಡನೆಯ ಬಸ್ಸಾದರೆ ನಲವತ್ತನೆಯವರು. ಒಳಗೆ ಉದ್ದನೆಯ ಬೆಂಚು. ಬೆಂಚಿನ ತುಂಬ ತಾಯಂದಿರು, ಅವರ ತೊಡೆಯ ಮೇಲೆ ಬಿಳಿ ಬಿಳಿ ಕಾಲುಗಳು. ಇಷ್ಟು ದಿನ ಇಡೀ ತಾಲೂಕಿನಲ್ಲಿ ಇಂಥ ಕಾಲು ಇರುವುದು ನನ್ನ ಮಗಳಿಗೊಬ್ಬಳಿಗೇ ಎಂದುಕೊಂಡಿದ್ದೆ. ಆ ಬೆಂಚು ನೋಡಿ ಸಮಾಧಾನವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಸಮಾಧಾನವೇ.

ಪಕ್ಕದಲ್ಲಿ ಕೂತಿದ್ದವಳು ಬುರ್ಖಾದ ಮೇಲುಹೊದಿಕೆ ಹಿಂದೆ ಸರಿಸಿ ನನ್ನ ಕೂಸನ್ನು ಬಗ್ಗಿ ನೋಡಿದಳು. "ಮೊದಲನೇ ಪಟ್ಟಿ ಏನಕ್ಕಾ?"

"ಹೌದ್ರಿ."

"ಸಂಜೀತನಕ ಅಳ್ತಾಳ. ನಾಳಿಗಿ ಮರೀತಾಳ. ನೀವು ಮಾತ್ರ ವಾರಾಪೂರ್ತಿ ಅಳ್ತೀರಿ, ನೋಡ್ರಿ ಬೇಕಾರ."

ಅವಳು ರಜಿಯಾ, ಯಡ್ರಾಮಿಯವಳು. ಕತ್ತಲಿರುವಾಗಲೇ ಮನೆ ಬಿಟ್ಟು, ಜೇವರ್ಗಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ಅವಳ ಮಗ ಅಯಾನ್ ಸಿರಿಗಿಂತ ಆರು ತಿಂಗಳು ದೊಡ್ಡವನು. ಅವನ ಪಟ್ಟಿಗಳೆಲ್ಲ ಮುಗಿದು ಎರಡು ಬೂಟುಗಳ ನಡುವೆ ಸಲಾಕಿ ಇರುವ ಜೋಡು ಬಂದಿತ್ತು. ಆ ಸಲಾಕಿಯಿಂದ ಅವನು ಬೆಂಚನ್ನು ಬಾರಿಸುತ್ತಿದ್ದ. "ಇವನ ಕೈಯಾಗ ಏಟು ತಿಂದು ತಿಂದು ನನ್ನ ಮೊಣಕಾಲು ನೀಲಿ ಆಗ್ಯಾವ. ಇವನ ಕಾಲು ನೆಟ್ಟಗಾಗೂದ್ರಾಗ ನನ್ನ ಕಾಲು ಸೊಟ್ಟಗಾಗ್ತಾವ," ಎಂದು ರಜಿಯಾ ನಕ್ಕಳು. ದವಾಖಾನಿಯ ಬೆಂಚಿನ ಮೇಲೆ ಕೂತು ಒಬ್ಬ ತಾಯಿ ಹೀಗೆ ನಗಬಹುದು ಎಂಬುದು ನನಗೆ ಗೊತ್ತಿರಲಿಲ್ಲ.

ಒಳಗೆ ಡಾಕ್ಟರು ಸಿರಿಯ ಪಾದವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಹೊರಗೆ ತಿರುಗಿಸುತ್ತ, ಹಾಗೇ ಹಿಡಿದುಕೊಂಡು, ಒದ್ದೆ ಪ್ಲಾಸ್ಟರಿನ ಪಟ್ಟಿ ಸುತ್ತಿಸಿದರು. ತೊಡೆಯವರೆಗೆ ಬಂತು. ಕೂಸು ಅಳುವುದಕ್ಕೂ ಮಲ್ಲಿಕಾರ್ಜುನ ಹೊರಗೆ ಹೋಗುವುದಕ್ಕೂ ಸರಿಹೋಯಿತು. ಅವರದು ಮೋಟಾರ್ ರಿವೈಂಡಿಂಗ್ ಅಂಗಡಿ. ಹೊಳೆಯ ದಂಡೆಯ ಹೊಲಗಳಲ್ಲಿ ಸುಟ್ಟುಹೋದ ಪಂಪುಗಳೆಲ್ಲ ಅವರ ಹತ್ತಿರ ಬರುತ್ತವೆ. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದರು: "ಸುಟ್ಟ ಮೋಟಾರಿಂದು ತಂತಿ ಒಂದ ಸಲಕ್ಕ ಸುತ್ತಾಕ ಬರಲ್ಲ. ಎಳಿ ಎಳಿ ಸುತ್ತಬೇಕು. ಅವಸರ ಮಾಡಿದ್ರ ಮತ್ತ ಸುಡ್ತದ. ಇದೂ ಹಂಗ." ನನ್ನ ಮಗಳನ್ನು ಸುಟ್ಟ ಮೋಟಾರಿಗೆ ಹೋಲಿಸಿದರಲ್ಲ ಎಂದು ಸಿಟ್ಟು ಬಂತು. ಡೈರಿಯಲ್ಲಿ ಮಾತ್ರ ಆ ಮಾತನ್ನು ಹಾಗೇ ಬರೆದಿಟ್ಟಿದ್ದೇನೆ, ಕೆಳಗೆ ಗೆರೆ ಎಳೆದು.

ದವಾಖಾನಿಯವರು ಹೇಳಿಕೊಟ್ಟ ಕ್ರಮ ಹೀಗಿತ್ತು: ಪಟ್ಟಿ ಒದ್ದೆಯಾಗಬಾರದು, ಆದ್ದರಿಂದ ಕೂಸಿಗೆ ನೀರು ಎರೆಯುವಂತಿಲ್ಲ, ಹಸಿಬಟ್ಟೆಯಿಂದ ಮೈ ಒರೆಸಬೇಕು. ಬುಧವಾರ ನಸುಕಿನಲ್ಲಿ, ಮನೆ ಬಿಡುವ ಮುಂಚೆ ಮಾತ್ರ, ಬೆಚ್ಚನೆ ನೀರಿನಲ್ಲಿ ಕಾಲು ತೋಯಿಸಿ ಪಟ್ಟಿಯ ತುದಿ ಹುಡುಕಿ ಬಿಚ್ಚಬೇಕು. ಅಲ್ಲಿ ಹೋದ ಕೂಡಲೇ ಹೊಸ ಪಟ್ಟಿ. ಐದು ಪಟ್ಟಿ ಸಾಕಾಗಬಹುದು ಎಂದಿದ್ದರು. ಪ್ರತಿವಾರ ಪಾದ ಇಷ್ಟಿಷ್ಟೇ ಹೊರಗೆ ತಿರುಗುತ್ತಿತ್ತು. ನಾಲ್ಕನೆಯದರ ಹೊತ್ತಿಗೆ ಪಟ್ಟಿಯ ತುದಿಯಲ್ಲಿ ಕಾಣುವ ಐದು ಬೆರಳು ಎಲ್ಲ ಮಕ್ಕಳ ಬೆರಳಿನ ಹಾಗೆ ಮೇಲೆ ನೋಡುತ್ತಿದ್ದವು.

ಆ ನಾಲ್ಕನೆಯ ಪಟ್ಟಿ ಹಾಕಿಸಿಕೊಂಡು ಬಂದ ಬುಧವಾರದ ನಂತರದ ಭಾನುವಾರ ತೊಟ್ಟಿಲ ಕಾರ್ಯ ಇಟ್ಟುಕೊಂಡಿದ್ದೆವು.

ನಮ್ಮ ಮನೆತನಗಳಲ್ಲಿ ತೊಟ್ಟಿಲು, ಕೂಸಿನ ತಲೆಗೆ ಕುಂಚಿಗೆ, ಬೆಳ್ಳಿಯ ಗೆಜ್ಜೆ ತವರಿನಿಂದ ಬರಬೇಕು. ಹೆಣ್ಣು ಕೂಸಾದರೆ ಸೋದರಮಾವ ತನ್ನ ಕೈಯಾರೆ ಅದರ ಕಾಲಿಗೆ ಗೆಜ್ಜೆ ಕಟ್ಟಬೇಕು. ಅದಾದ ಮೇಲೆಯೇ ಕಿವಿಯಲ್ಲಿ ಹೆಸರು ಕೂಗುವುದು. ಮಟಕಿಯಿಂದ ನನ್ನ ಅಣ್ಣ ಶರಣಪ್ಪ ಗೆಜ್ಜೆ ಮಾಡಿಸಿಕೊಂಡು ಬರುವವನಿದ್ದ. ತೊಡೆಯವರೆಗೆ ಪ್ಲಾಸ್ಟರ್ ಇರುವ ಕಾಲಿಗೆ ಅವನ್ನು ಎಲ್ಲಿ ಕಟ್ಟುವುದು?

ಮುಂದಿನದನ್ನು ನಾನು ಎರಡು ವರ್ಷ ಹೇಳಿದ ಹಾಗೆಯೇ ಮೊದಲು ಬರೆಯುತ್ತೇನೆ.

ಭಾನುವಾರ ನಸುಕಿನಲ್ಲಿ ನನಗಿನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ಬಚ್ಚಲ ಕಡೆಯಿಂದ ನೀರು ಕಲಕುವ ಸದ್ದು ಕೇಳಿತು, ಅದರ ಜೊತೆಗೆ ಬಳೆಗಳ ಸದ್ದು. ಎದ್ದು ಹೋಗಿ ನೋಡಿದರೆ ಅತ್ತಿ ಬಕೆಟಿನ ಮುಂದೆ ಕೂತು ಕೂಸಿನ ಪಟ್ಟಿ ಬಿಚ್ಚಿ ಮುಗಿಸಿದ್ದರು. "ಎರಡ ದಿನಕ್ಕ ಏನಾಗ್ತದ ತಗೋ," ಎಂದರು. ಮಲ್ಲಿಕಾರ್ಜುನ ಬಸ್‌ಸ್ಟ್ಯಾಂಡಿಗೆ ಅಣ್ಣನನ್ನು ಕರೆಯಲು ಹೋಗಿದ್ದರು. ನಾನು ಏನು ಮಾಡಲಿ? ಮಧ್ಯಾಹ್ನ ಅಣ್ಣ ಗೆಜ್ಜೆ ಕಟ್ಟಿದ. ಚಂದಮ್ಮ ಎಲ್ಲರಿಗೂ ಕೇಳುವಂತೆ, "ಕಾಲು ನೆಟ್ಟಗ ಆಗ್ಯಾವಲ್ಲ ಬೇ!" ಎಂದಳು. ಫೋಟೊ ತೆಗೆದರು. ಆ ಫೋಟೊ ಇವತ್ತಿಗೂ ಗೋಡೆಯ ಮೇಲಿದೆ.

ಭಾನುವಾರದಿಂದ ಬುಧವಾರದವರೆಗೆ ಕಾಲುಗಳು ಬರಿದಾಗಿದ್ದವು. ಸೋಮವಾರ ಏನೂ ಅನ್ನಿಸಲಿಲ್ಲ. ಮಂಗಳವಾರ ಬಲಪಾದ ಒಳಗೆ ಸರಿದಂತೆ ಕಂಡಿತು. ಗೆಜ್ಜೆ ಬಿಗಿಯಾದದ್ದಕ್ಕೆ ಹಾಗೆ ಕಾಣುತ್ತದೆ ಎಂದು ಗೆಜ್ಜೆ ತೆಗೆದಿಟ್ಟೆ. ಬುಧವಾರ ದವಾಖಾನಿಯಲ್ಲಿ ಡಾಕ್ಟರು ಪಾದ ಹಿಡಿದು ನೋಡಿದವರು ತಲೆ ಎತ್ತಿದರು. ಅವತ್ತು ಅಂಗಡಿಯಲ್ಲಿ ಕೆಲಸವಿದ್ದುದರಿಂದ ಮಲ್ಲಿಕಾರ್ಜುನ ಬಂದಿರಲಿಲ್ಲ, ಅತ್ತಿ ಬಂದಿದ್ದರು. ಕೂಸು ಅವರ ತೊಡೆಯ ಮೇಲಿತ್ತು.

"ಇದು ಇವತ್ತು ಬಿಚ್ಚಿದ್ದಲ್ಲ. ಯಾವಾಗ ಬಿಚ್ಚಿದ್ರಿ?"

"ಭಾನುವಾರ್ರೀ," ಎಂದೆ.

"ಮೂರು ದಿನ! ಯಾರು ಬಿಚ್ಚಿದವರು?"

"ನಮ್ಮ ಅತ್ತಿ…"

ಡಾಕ್ಟರು ಅತ್ತಿಯ ಕಡೆ ತಿರುಗಿದರು. "ಯಾಕಜ್ಜಿ? ಕೂಸಿನ ಕಾಲು ಅಂದ್ರ ಆಟದ ಸಾಮಾನು ಅಂತ ತಿಳಕೊಂಡ್ರೇನು? ಎರಡು ವಾರದ ಕೆಲಸ ನೀರಾಗ ಹೋಯ್ತಲ್ಲ!"

ಅತ್ತಿ ಸೆರಗು ಸರಿಮಾಡಿಕೊಂಡು ಹೇಳಿದರು: "ತಪ್ಪಾತ್ರಿ ಸಾಹೇಬ್ರ. ಹಳೀ ಮಂದಿ, ತಿಳಿಲಿಲ್ರಿ. ಇನ್ನ ಆಗಲ್ಲ. ಕೂಸಿಂದು ಕಾಲು ಮಾತ್ರ ನೆಟ್ಟಗ ಮಾಡಿಕೊಡ್ರಿ, ನನಗ ಬೇಕಾದಷ್ಟ ಬೈರಿ."

ಐದರ ಬದಲು ಏಳು ಪಟ್ಟಿಗಳಾದವು. ಆಮೇಲೆ ಹಿಮ್ಮಡಿಯ ಮೇಲೆ ಒಂದು ಸಣ್ಣ ಕೊಯ್ತ, ಅದರ ಮೇಲೆ ಮೂರು ವಾರದ ಕಡೆಯ ಪಟ್ಟಿ, ಆಮೇಲೆ ಅಯಾನ್‌ಗೆ ಇದ್ದಂಥದ್ದೇ ಸಲಾಕಿ ಬೂಟು. ಮೊದಲ ಮೂರು ತಿಂಗಳು ದಿನಕ್ಕೆ ಒಂದು ತಾಸು ಬಿಟ್ಟು ಉಳಿದೆಲ್ಲ ಹೊತ್ತೂ ಬೂಟು ಕಾಲಲ್ಲಿ. ಅತ್ತಿ ಕೌದಿ ಹೊಲಿಯುತ್ತಾರೆ. ಹಳೆ ಸೀರೆಯ ಚೂರುಗಳನ್ನು ಜೋಡಿಸಿ ಸಲಾಕಿಗೆ ದಪ್ಪನೆಯ ಗವಸು ಹೊಲಿದರು. ರಜಿಯಾಳ ಮೊಣಕಾಲಿನ ಕಥೆ ಕೇಳಿದ್ದರಲ್ಲ, ಅವಳಿಗೂ ಒಂದು ಹೊಲಿದು ಕೊಟ್ಟರು. "ಯಾ ಅಲ್ಲಾ, ಅಮ್ಮಾ, ಬೂಟಿಗೂ ಕೌದಿ ಹೊಚ್ಚೀರಿ!" ಎಂದು ರಜಿಯಾ ಅದನ್ನು ಬೆಂಚಿನಲ್ಲಿದ್ದ ಎಲ್ಲರಿಗೂ ತೋರಿಸಿದಳು. ಸಲಾಕಿಯ ಸ್ಕ್ರೂ ಸಡಿಲವಾದಾಗಲೆಲ್ಲ ಮಲ್ಲಿಕಾರ್ಜುನ ಅಂಗಡಿಯ ಪಾನಾ ತಂದು ಬಿಗಿ ಮಾಡುತ್ತಿದ್ದರು. ಆ ಕೆಲಸಕ್ಕೆ ಕೂರುವಾಗ ಮೊದಲು ಕೈ ತೊಳೆದುಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಯಾವ ಮೋಟಾರಿಗೂ ಅಷ್ಟು ಮಾಡಿದವರಲ್ಲ.

ಕಾಲು ನೆಟ್ಟಗಾದವು. ಆದರೆ ಮಗಳು ನಡೆಯಲಿಲ್ಲ.

ಹತ್ತು ತಿಂಗಳಿಗೆ ಕುಂಡಿ ಎಳೆದುಕೊಂಡು ಮನೆಯೆಲ್ಲ ತಿರುಗಿದಳು. ವರ್ಷಕ್ಕೆ ಗೋಡೆ ಹಿಡಿದು ಎದ್ದಳು, ಕೂತಳು. ಹದಿನಾಲ್ಕು ತಿಂಗಳಿಗೆ, ಹದಿನಾರಕ್ಕೆ, ಹದಿನೆಂಟಕ್ಕೆ ಅದೇ: ಎದ್ದಳು, ಕೂತಳು. ಅಷ್ಟು ಹೊತ್ತಿಗೆ ಬೂಟು ಮಲಗುವಾಗ ಮಾತ್ರ, ಹಗಲೆಲ್ಲ ಕಾಲು ಸ್ವತಂತ್ರ. ಆ ಸ್ವತಂತ್ರ ಕಾಲುಗಳನ್ನು ನೋಡುತ್ತ ಕೂತುಬಿಡುತ್ತಿದ್ದೆ. ಓಣಿಯ ಮದುವೆಗಳಿಗೆ ಹೋಗುವುದನ್ನು ನಿಲ್ಲಿಸಿದೆ, ಯಾಕೆಂದರೆ ಅಲ್ಲಿ ಅವಳದೇ ವಯಸ್ಸಿನ ಮಕ್ಕಳು ಪಂಗ್ತಿಯ ನಡುವೆ ಓಡಾಡುತ್ತಿದ್ದವು. "ಇನ್ನಾ ನಡ್ಯಾಕತ್ತಿಲ್ಲೇನು? ಹೆಣ್ಣುಹುಡುಗಿ ಬ್ಯಾರೆ," ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು.

ದವಾಖಾನಿಯಲ್ಲಿ ಕಾಲಿನ ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳಿದ್ದಳು. ಅವಳು ಪ್ರತಿಸಲ ಹೇಳುತ್ತಿದ್ದಳು: "ಈ ಮಕ್ಕಳು ಜರಾ ತಡಾನೇ ನಡೀತಾರ ಮೇಡಂ. ಕೆಲವರು ಇನ್ನಾ ತಡಾ. ನೀವು ಕ್ಯಾಲೆಂಡರ್ ನೋಡಬ್ಯಾಡ್ರಿ, ಪಾದ ನೋಡ್ರಿ. ಪಾದ ಪೂರಾ ನೆಲಕ್ಕ ಹತ್ತಾಕತ್ತದ ಇಲ್ಲ?" ನಾನು ತಲೆ ಆಡಿಸಿ ಬಂದು ಕ್ಯಾಲೆಂಡರ್ ನೋಡುತ್ತಿದ್ದೆ. ನನ್ನ ಲೆಕ್ಕದಲ್ಲಿ ಕಾರಣ ಒಂದೇ ಇತ್ತು, ಆ ಮೂರು ದಿನ. ಆ ಮೂರು ದಿನ ಪಾದದ ಒಳಗೆ ಏನೋ ಕೆಟ್ಟಿದೆ, ಡಾಕ್ಟರಿಗೂ ಅದು ಕಂಡಿಲ್ಲ, ನನ್ನ ಮಗಳು ಇನ್ನು ನಡೆಯುವುದಿಲ್ಲ. ಯಾರಿಗೂ ಹೀಗೆ ಹೇಳಿರಲಿಲ್ಲ. ಹೇಳಿದ್ದು ಒಬ್ಬರಿಗೇ, ಅದೂ ಒಂದೇ ಸಲ.

ಆ ದಿನ ಅತ್ತಿ ಬಾಗಿಲಲ್ಲಿ ಕೂತು ತೊಗರಿಕಾಯಿ ಬಿಡಿಸುತ್ತಿದ್ದರು. ಸಿರಿ ಅವರ ಭುಜ ಹಿಡಿದು ನಿಂತಳು, ಕೈ ಬಿಟ್ಟಳು, ಪಟಕ್ಕನೆ ಕೂತಳು. ಅತ್ತಿ, "ಅವಸರ ಇಲ್ಲ ಸಿರವ್ವಾ, ನಾಳಿ ಬರ್ತದ," ಎಂದರು.

"ಎಲ್ಲಿ ನಾಳಿರಿ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಆ ಮೂರು ದಿನ ನೀವು ಪಟ್ಟಿ ಬಿಚ್ಚಲಿಲ್ಲಂದ್ರ ಇಷ್ಟೊತ್ತಿಗಿ ಓಡ್ತಿದ್ಲು."

ಅತ್ತಿ ಕೈಯಲ್ಲಿದ್ದ ತೊಗರಿಕಾಯಿ ಬಿಡಿಸಿ ಮುಗಿಸಿದರು. ಕಾಳು ಬುಟ್ಟಿಗೆ ಹಾಕಿದರು. "ಹೌದವಾ," ಎಂದರು. ಆಮೇಲೆ ಸಿಪ್ಪೆಗಳನ್ನು ಉಡಿಯಲ್ಲಿ ತುಂಬಿಕೊಂಡು ಎಮ್ಮೆಗೆ ಹಾಕಲು ಹೋದರು. ಇದು ನನಗೆ ಸರಿಯಾಗಿ ನೆನಪಿದೆ. ಡೈರಿಯಲ್ಲಿಯೂ ಇದೆ. ನೆನಪೂ ಡೈರಿಯೂ ಒಂದೇ ಮಾತು ಹೇಳುವ ಕೆಲವೇ ದಿನಗಳಲ್ಲಿ ಅದು ಒಂದು.

ಸಿರಿ ನಡೆದದ್ದು ಹತ್ತೊಂಬತ್ತೂವರೆ ತಿಂಗಳಿಗೆ.

ನಾಲ್ಕು ಗಂಟೆಗೆ ಕಾಲೇಜಿನಿಂದ ಬಂದೆ. ಪಡಸಾಲೆಯಲ್ಲಿ ಅರ್ಧ ಹೊಲಿದ ಕೌದಿ ಹಾಸಿತ್ತು. ಒಂದು ತುದಿಯಲ್ಲಿ ಟ್ರಂಕು ಹಿಡಿದು ಸಿರಿ ನಿಂತಿದ್ದಳು. ಇನ್ನೊಂದು ತುದಿಯಲ್ಲಿ ಅತ್ತಿ ಎಲೆಅಡಿಕೆಯ ಡಬ್ಬಿಯಿಂದ ಗೆಜ್ಜೆ ತೆಗೆದು ಅಲ್ಲಾಡಿಸುತ್ತಿದ್ದರು. ಆ ಬುಧವಾರದ ನಂತರ ಆ ಗೆಜ್ಜೆ ಎಲ್ಲಿವೆ ಎಂದು ನಾನು ಕೇಳಿರಲೇ ಇಲ್ಲ.

"ಚಪ್ಪಲಿ ಬಿಡಬ್ಯಾಡ, ಅಲ್ಲೇ ನಿಂದ್ರು, ನೋಡು," ಎಂದು ಅತ್ತಿ ನನಗೆ ಹೇಳಿದರು. ಮತ್ತೆ ಗೆಜ್ಜೆ ಅಲ್ಲಾಡಿಸಿದರು. "ಬಾ ನಮ್ಮವ್ವ. ಬಾ. ಇವು ಯಾರವ? ನಿಂದೇ ಇವ. ಬಂದು ತಗೋ."

ಸಿರಿ ಟ್ರಂಕು ಬಿಟ್ಟಳು. ಎರಡೂ ಕೈ ಮೇಲೆ. ಒಂದು ಹೆಜ್ಜೆ. ಪಾದ ಪೂರ್ತಿ ನೆಲಕ್ಕೆ ಹತ್ತಿತು, ಮೊದಲು ಹಿಮ್ಮಡಿ, ಆಮೇಲೆ ಬೆರಳು, ನಾನು ಅದನ್ನೇ ನೋಡಿದೆ. ಎರಡು. ಮೂರು. ಕೌದಿಯ ನಡುವೆ ಒಂದು ಕೆಂಪು ಚೌಕದ ಮೇಲೆ ನಿಂತು ಅತ್ತಿತ್ತ ತೂಗಿದಳು, ಬೀಳಲಿಲ್ಲ. ಏಳನೆಯ ಹೆಜ್ಜೆಗೆ ಗೆಜ್ಜೆಯನ್ನು ಅಜ್ಜಿಯ ಕೈಯಿಂದ ಕಸಿದುಕೊಂಡು, ಮಾಡಿದ್ದು ದೊಡ್ಡ ಕೆಲಸವೇನಲ್ಲ ಎಂಬಂತೆ ಕೂತು ಅದನ್ನು ಬಾಯಿಗೆ ಹಾಕಿಕೊಂಡಳು.

ನಾನು ಚಪ್ಪಲಿ ಸಮೇತ ಕೌದಿಯ ಮೇಲೆ ಹೋಗಿ ಕೂತೆ. ಅತ್ತಿ ಬೈಯಲಿಲ್ಲ. "ನೋಡಿದಿಲ್ಲ? ಮೊದಲನೇ ಹೆಜ್ಜಿ ನಿನ್ನ ಮುಂದ ಹಾಕ್ಯಾಳ. ಜಾಣಿ ಅದಾಳ, ಅವ್ವ ಬರೂತನಕ ತಡದಾಳ," ಎಂದರು.

ನನ್ನ ಅಳು ಕೇಳಿ ಚಂದಮ್ಮ ಓಡಿ ಬಂದಳು. ಏನಾಯಿತೆಂದು ತಿಳಿದ ಮೇಲೆ, "ಇದಕ್ಕೇನು ಅಳೂದು? ಮೊನ್ನಿಯಿಂದ ನಡ್ಯಾಕತ್ತಾಳಲ್ಲ! ನಿನ್ನಿ ನಮ್ಮ ಕಟ್ಟೀತನಕ—" ಎಂದವಳು ಅತ್ತಿಯ ಮುಖ ನೋಡಿ ಮಾತು ನಿಲ್ಲಿಸಿದಳು.

"ಚಂದಮ್ಮ, ನಿನ್ನ ಒಲಿಮ್ಯಾಲ ಹಾಲಿಲ್ಲೇನು ಇವತ್ತು?" ಎಂದು ಅತ್ತಿ ಕೇಳಿದರು.

ಹೀಗೆ ನನ್ನ ಮಗಳ ಮೊದಲ ಹೆಜ್ಜೆ ಯಾವುದು ಎಂಬುದೂ ನನಗೆ ನಿಶ್ಚಯವಾಗಿ ಗೊತ್ತಿಲ್ಲ. ನಾನು ಕಂಡದ್ದೇ ಮೊದಲನೆಯದು ಎಂದು ಇಟ್ಟುಕೊಂಡಿದ್ದೇನೆ. ಕೊಟ್ಟವರು ಹಾಗೆಂದೇ ಕೊಟ್ಟಿದ್ದು.

ಸಿರಿ ನಡೆಯತೊಡಗಿದ ಮೇಲೆ ರಜಿಯಾ ಮತ್ತೆ ಸಿಕ್ಕಿದ್ದು ಹೋದ ತಿಂಗಳ ತಪಾಸಣೆಯಲ್ಲಿ. ಸಿರಿಯನ್ನು ಬಾಗಿಲಿಂದ ಬೆಂಚಿನವರೆಗೆ ನಡೆಸಿಕೊಂಡು ಹೋದೆ. ರಜಿಯಾ ಕೂತಲ್ಲಿಂದ ಎದ್ದು ನಿಂತಳು. ಅವಳ ಅಯಾನ್ ಈಗ ಓಡುತ್ತಾನೆ, ಬೆಂಚನ್ನು ಬಾರಿಸಲು ಅವನಿಗೆ ಪುರುಸೊತ್ತಿಲ್ಲ. ಅವತ್ತು ಬೆಂಚಿನ ತುದಿಯಲ್ಲಿ ಒಬ್ಬ ಹುಡುಗಿ ಇಪ್ಪತ್ತು ದಿನದ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು, ಕಾಲು ಯಾರಿಗೂ ಕಾಣದಂತೆ. ರಜಿಯಾ ನನ್ನ ಪಕ್ಕೆಗೆ ತಿವಿದಳು. "ನೋಡ್ರಿ ಅಕ್ಕಾ, ನೀವೂ ಹಂಗೇ ಕುಂತಿದ್ರಿ. ನಾನೂ. ನೀವು ಕಾಲೇಜ್‌ನಾಗ ಕಲಿಸ್ತೀರಿ, ಇದೆಲ್ಲಾ ಬರೀರಲ್ಲ. ಆ ಹುಡುಗಿ ಓದ್ಲಿ. ಇಲ್ಲಂದ್ರ ಬರೇ ಫಿಕರ್ ಮಾಡ್ಕೋಂತ ಕುಂದರ್ತಾಳ."

ಅದಕ್ಕೇ ಡೈರಿ ತೆರೆದೆ. ತೊಟ್ಟಿಲ ಕಾರ್ಯದ ದಿನ ಯಾವ ಸೀರೆ ಉಟ್ಟಿದ್ದೆ, ಎಷ್ಟು ಜನ ಬಂದಿದ್ದರು, ಇಂಥ ವಿವರ ಸಿಗಬಹುದೆಂದು ಆ ಭಾನುವಾರದ ಪುಟ ಹುಡುಕಿದೆ. ನನ್ನ ಅಕ್ಷರದಲ್ಲಿ ಹೀಗಿತ್ತು:

"ಐದಕ್ಕೆ ಎದ್ದೆ. ಬಕೆಟ್‌ನಲ್ಲಿ ಬೆಚ್ಚನೆ ನೀರು. ಪಟ್ಟಿ ನಾನೇ ಬಿಚ್ಚಿದೆ. ಅತ್ತಿ ಬೇಡ ಅಂದರು, ಗೆಜ್ಜೆ ಕೈಗೆ ಕಟ್ಟಿದರೂ ನಡೀತದ ಅಂದರು. ಮಟಕಿ ಮಂದಿ ಎಲ್ಲ ಬರ್ತಾರೆ, ಪಟ್ಟಿ ನೋಡಿ ಏನಂದಾರು. ಮಧ್ಯಾಹ್ನ ಗೆಜ್ಜೆ ಚೆಂದ ಕಂಡವು."

ಮೂರು ಸಲ ಓದಿದೆ. ಆಮೇಲೆ ಬುಧವಾರದ ಪುಟ ತೆಗೆದೆ:

"ಪಾದ ಮತ್ತೆ ತಿರುಗಿದೆ. ಇನ್ನೂ ಎರಡು ಪಟ್ಟಿ ಹೆಚ್ಚು. ಡಾಕ್ಟರು ಅತ್ತಿಗೆ ಬೈದರು. ಪಾಪ."

ಪಾಪ ಎಂದು ಬರೆದಿದ್ದೇನೆ. ಯಾಕೆ ಬೈದರು, ಯಾರ ಮಾತಿಗೆ ಬೈದರು ಎಂದು ಬರೆದಿಲ್ಲ. ಅಂದರೆ ಆ ಬುಧವಾರ ನನಗೆ ಗೊತ್ತಿತ್ತು. "ನಮ್ಮ ಅತ್ತಿ" ಎಂದು ಬಾಯಿಗೆ ಬಂದದ್ದು ಹೆದರಿಕೆಯಿಂದ ಇರಬಹುದು. ಆಮೇಲೆ ಗಂಡನಿಗೆ ಹಾಗೇ ಹೇಳಿದೆ, ಅಣ್ಣನಿಗೆ ಫೋನಿನಲ್ಲಿ ಹೇಳಿದೆ, ರಜಿಯಾಗೆ, ಸ್ಟಾಫ್‌ರೂಮಿನಲ್ಲಿ ಹೇಳಿದೆ. ಎಷ್ಟನೆಯ ಸಲ ಹೇಳುವಾಗ ಅದು ಸುಳ್ಳಾಗಿರುವುದು ನಿಂತು ನನ್ನ ನೆನಪೇ ಆಗಿಬಿಟ್ಟಿತು? ತೊಗರಿಕಾಯಿಯ ದಿನ ಅತ್ತಿಗೆ ಆ ಮಾತು ಅನ್ನುವಾಗ ನಾನು ಪೂರ್ತಿ ನಂಬಿ ಅಂದಿದ್ದೆ, ಅದರಲ್ಲಿ ನನಗೆ ಸಂಶಯವಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಬಳೆಗಳ ಸದ್ದು ಕೇಳಿತ್ತು ಎಂದು ಮೇಲೆ ಬರೆದೆನಲ್ಲ, ಅದು ನಿಜವೇ. ಇವತ್ತಿಗೂ ಕಿವಿಯಲ್ಲಿದೆ. ಆದರೆ ಮಾವ ತೀರಿಕೊಂಡಾಗಿನಿಂದ ಅತ್ತಿ ಗಾಜಿನ ಬಳೆ ತೊಡುವುದಿಲ್ಲ. ಆ ನಸುಕಿನಲ್ಲಿ ನಮ್ಮ ಮನೆಯಲ್ಲಿ ಕೈತುಂಬ ಹಸಿರು ಬಳೆ ಇದ್ದದ್ದು ಬಾಣಂತಿ ನನಗೊಬ್ಬಳಿಗೆ.

ಮಲ್ಲಿಕಾರ್ಜುನರಿಗೆ ಪುಟ ತೋರಿಸಿದೆ. ಓದಿ ಡೈರಿ ಮುಚ್ಚಿ ಕೊಟ್ಟರು. "ಅವ್ವನ ಕೂಡ ನಾನೂ ಎರಡು ದಿನಾ ಮಾತು ಬಿಟ್ಟಿದ್ದೆ ಆವಾಗ," ಎಂದಷ್ಟೇ ಹೇಳಿದರು. ಮುಂದಿನ ಬುಧವಾರ ಡಾಕ್ಟರಿಗೂ ನಿಜ ಹೇಳುತ್ತೇನೆ. ಅವರಿಗೆ ಅಷ್ಟು ಕಾಲಿನ ನಡುವೆ ಇದು ನೆನಪಿರಲಿಕ್ಕಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿಯನ್ನು ಮಾತ್ರ ಫೋನಿನಲ್ಲಿ ಕೇಳಿದೆ, ಆ ಮೂರು ದಿನದಿಂದಲೇ ತಡವಾಯಿತೇ ಎಂದು. "ಅದನ್ನ ಯಾರೂ ಹೇಳಾಕ ಬರಲ್ಲ ಮೇಡಂ. ಪಟ್ಟಿ ಬಿಚ್ಚದ ಮಕ್ಕಳೂ ಇಷ್ಟೇ ತಡಾ ನಡದಾರ," ಎಂದಳು. ಇದನ್ನು ಓದುತ್ತಿರುವ ಬೆಂಚಿನ ತುದಿಯ ಹುಡುಗಿಗೆ ನಾನು ಹೇಳಬೇಕಾದದ್ದೂ ಅಷ್ಟೇ. ಪಟ್ಟಿ ಬಿಚ್ಚಬೇಡ. ಫೋಟೊ ಪಟ್ಟಿಯ ಜೊತೆಯೇ ತೆಗೆಸು. ಬೂಟು ತಪ್ಪಿಸಬೇಡ. ಕಾಲು ಕಂಡರೆ ಕಾಣಲಿ. ತಡವಾದರೆ, ತಡವಾಗಿಯೇ ನಡೆಯುತ್ತದೆ.

ಸಿರಿಗೆ ಗೆಜ್ಜೆ ಈಗ ಆಗುವುದಿಲ್ಲ, ಚಿಕ್ಕವಾಗಿವೆ. ಅವನ್ನು ಅತ್ತಿ ಮತ್ತೆ ಡಬ್ಬಿಯಲ್ಲಿ ಇಟ್ಟಿದ್ದಾರೆ. ಮಲಗುವಾಗ ಸಲಾಕಿ ಬೂಟು ಇನ್ನೂ ಎರಡು ವರ್ಷ ಇರುತ್ತದೆ, ಅದನ್ನು ಅವಳೇ ಎಳೆದುಕೊಂಡು ತರುತ್ತಾಳೆ. ಅದರ ಕೌದಿಯ ಗವಸು ಸವೆದು ಅತ್ತಿ ಹೊಸದು ಹೊಲಿಯುತ್ತಿದ್ದಾರೆ.

ಹಾಗೆ ಹೊಲಿಯುತ್ತ ಕೂತಿದ್ದಾಗಲೇ, ಎಂಟು ದಿನದ ಹಿಂದೆ, ಡೈರಿಯ ಎರಡೂ ಪುಟಗಳನ್ನು ಅವರಿಗೆ ಓದಿ ಹೇಳಿದೆ. ತಪ್ಪಾಯಿತು ಎಂದೆ. ಆಮೇಲೆ ಒಂದು ಮಾತು ಕೇಳಿದೆ. ಅತ್ತಿ ಸೂಜಿ ನನ್ನ ಕೈಗೆ ಕೊಟ್ಟು, "ಇದರಾಗ ದಾರಾ ಹಾಕು, ನನಗ ಕಾಣವಲ್ದು," ಎಂದರು. ಪೋಣಿಸಿ ಕೊಟ್ಟು ಮತ್ತೆ ಕೇಳಿದೆ. "ಕೋಳಿ ಒಳಗ ಬರಾಕತ್ತದ ನೋಡು," ಎಂದರು. ಕೋಳಿ ಓಡಿಸಿ ಬರುವಷ್ಟರಲ್ಲಿ ಎದ್ದು ಹೋಗಿದ್ದರು. ಎಂಟು ದಿನದಲ್ಲಿ ಮಳೆ, ಎಮ್ಮೆ, ಚಂದಮ್ಮನ ಸೊಸೆ, ಎಲ್ಲ ಮಾತಾಡಿದ್ದೇವೆ, ಇದೊಂದನ್ನು ಬಿಟ್ಟು. ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುವಾಗ ಮೂರನೆಯ ಸಲ ಕೇಳಿದೆ:

"ಅತ್ತಿ, ಡಾಕ್ಟರ್ ಮುಂದ ಅವತ್ತು ನೀವು ಅನ್ಲಿಲ್ಲ, ಖರೆ. ತೊಗರಿಕಾಯಿ ಬಿಡಿಸೂ ದಿನ ಮನಿಯಾಗ ನಾವಿಬ್ಬರೇ ಇದ್ದೆವಲ್ಲ, ಆವಾಗರ ಯಾಕ ಅನ್ಲಿಲ್ರಿ, ಬಿಚ್ಚಿದಾಕಿ ನೀನು ಅಂತ?"